ಸಾಸಿವೆ ಡಬ್ಬಿಯ ಹಿಂದಿನ ಗುಲಾಬಿ ಮಾತ್ರೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಸಾಸಿವೆ ಡಬ್ಬಿಯ ಹಿಂದೆ ಏನಿದೆ ಎಂಬುದು ನಾಲ್ಕು ವರ್ಷ ನನ್ನ ಹೊರತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಚಿನ್ನವೂ ಅಲ್ಲ, ಚೀಟಿಯ ದುಡ್ಡೂ ಅಲ್ಲ. ಬಾಯಲ್ಲಿಟ್ಟು ಅಗಿಯುವ ಗುಲಾಬಿ ಬಣ್ಣದ ಮಾತ್ರೆಗಳು. ಪುದೀನದ ವಾಸನೆ, ಸೀಮೆಸುಣ್ಣದ ರುಚಿ. ಈ ರುಚಿ ನಿಮ್ಮಲ್ಲೂ ಎಷ್ಟೋ ಜನಕ್ಕೆ ಗೊತ್ತಿರಬೇಕು. ಎದೆಯುರಿ, ಹುಳಿತೇಗು, ಊಟವಾದ ಮೇಲೆ ಹೊಟ್ಟೆ ಉಬ್ಬರ, ಎಲ್ಲಕ್ಕೂ ನಾವು ಇಟ್ಟುಕೊಂಡಿರುವ ಹೆಸರು ಒಂದೇ, "ಗ್ಯಾಸ್ಟ್ರಿಕ್ಕು". ಹಾಗಂದು ಎದೆ ಸವರಿಕೊಂಡು ಮತ್ತೆ ಒಲೆ ಮುಂದೆ ನಿಲ್ಲುವವರು ತಾನೇ ನಾವು?

ನನ್ನ ದಿನಚರಿ ಹೇಳಿದರೆ ನಿಮ್ಮದೇ ಎಂದುಕೊಳ್ಳುತ್ತೀರಿ. ಬೆಳಗ್ಗೆ ಐದೂವರೆಗೆ ಎದ್ದು ಖಾಲಿ ಹೊಟ್ಟೆಗೆ ಒಂದು ಲೋಟ ಗಟ್ಟಿ ಕಾಫಿ. ಎಲ್ಲರ ತಿಂಡಿ, ಡಬ್ಬಿ ಮುಗಿಯುವ ಹೊತ್ತಿಗೆ ಇನ್ನೊಂದು ಲೋಟ. ನನ್ನ ತಿಂಡಿ ಹನ್ನೊಂದಕ್ಕೆ, ಅದೂ ಉಳಿದ ಚಿತ್ರಾನ್ನವೋ ಆರಿದ ದೋಸೆಯೋ. ಮಧ್ಯಾಹ್ನ ಇವರು ಊಟಕ್ಕೆ ಬರುವುದೇ ಎರಡೂವರೆಗೆ. ಅವರದಾಗಿ, ಅತ್ತೆಯವರದಾಗಿ, ನಾನು ತಟ್ಟೆ ಮುಂದೆ ಕೂರುವಾಗ ಮೂರು ದಾಟಿರುತ್ತದೆ. ರಾತ್ರಿ ಹತ್ತಕ್ಕೆ ಮುದ್ದೆ, ಸಾರು. ಪಾತ್ರೆ ತೊಳೆದಿಟ್ಟು ಹತ್ತೂವರೆಗೆ ಹಾಸಿಗೆ. ಸೋಮವಾರ, ಶನಿವಾರ ಒಪ್ಪತ್ತು. ಇಷ್ಟರ ಮೇಲೆ ಮಂಡಿನೋವು. ಅದಕ್ಕೆ ಮೆಡಿಕಲ್ ಶಾಪಿನ ಹುಡುಗನೇ ಕೊಡುತ್ತಿದ್ದ ಒಂದು ಹಳದಿ ಮಾತ್ರೆ. ನುಂಗಿದ ಅರ್ಧ ಗಂಟೆಗೆ ನೋವು ಮಾಯ. ನಾಲ್ಕೈದು ದಿನಕ್ಕೊಂದು ಎಂದು ಶುರುವಾದದ್ದು, ಮೆಟ್ಟಿಲು ಹತ್ತುವ ದಿನವೆಲ್ಲ ಒಂದು ಎಂದಾಯಿತು.

ಎದೆಯುರಿ ಬಂದಾಗ ಮೊದಮೊದಲು ಜೀರಿಗೆ ಕಷಾಯ ಕುಡಿದೆ. ಆಮೇಲೆ ತಣ್ಣನೆ ಹಾಲು. ಹಾಲು ಕುಡಿದ ಕೂಡಲೇ ಹಿತವೆನಿಸುತ್ತದೆ ನಿಜ. ಆದರೆ ಆ ಹಾಲನ್ನು ಅರಗಿಸಲು ಹೊಟ್ಟೆ ಮತ್ತಷ್ಟು ಹುಳಿ ಸುರಿಸುತ್ತದೆಯಂತೆ. ಒಂದು ಗಂಟೆಯಲ್ಲಿ ಉರಿ ಮತ್ತೆ ಹಾಜರ್. ಕೊನೆಗೆ ನಮ್ಮ ಓರಗಿತ್ತಿ ತೋರಿಸಿಕೊಟ್ಟಳು ಈ ಗುಲಾಬಿ ಮಾತ್ರೆ. ಐದೇ ನಿಮಿಷದಲ್ಲಿ ಒಲೆಗೆ ನೀರು ಹೊಯ್ದಂತೆ ಉರಿ ಆರಿತು. ಇದನ್ನು ಬಿಟ್ಟು ಇಷ್ಟು ದಿನ ಏನು ಮಾಡುತ್ತಿದ್ದೆ ಎನಿಸಿತು. ದಿನಕ್ಕೆ ಒಂದಿದ್ದದ್ದು ಮೂರಾಗಿ, ಆರಾಯಿತು. ಬಚ್ಚಿಟ್ಟದ್ದು ಯಾಕೆ ಅಂತೀರಾ? "ಯಾವಾಗ ನೋಡಿದರೂ ಮಾತ್ರೆ ನುಂಗ್ತಾಳೆ" ಎಂಬ ಮಾತು ಬರಬಾರದೆಂದು, ಅಷ್ಟೇ.

ಹೋದ ವರ್ಷ ಗೌರಿ ಹಬ್ಬದ ಹೊತ್ತಿಗೆ ಸುಸ್ತು ಶುರುವಾಯಿತು. ರಂಗೋಲಿ ಹಾಕಿ ಎದ್ದರೆ ಕಣ್ಣು ಕತ್ತಲೆ. ಒಬ್ಬಟ್ಟಿಗೆ ಹೂರಣ ರುಬ್ಬಿ ಮುಗಿಸುವುದರಲ್ಲಿ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ನಮ್ಮಂಥ ಹೆಂಗಸರಿಗೆ 12 ಇರಬೇಕಂತೆ. "ಈ ವಯಸ್ಸಿನಲ್ಲಿ ಮುಟ್ಟು ಹೆಚ್ಚು ಹೋಗತ್ತೆ, ಅದಕ್ಕೇ" ಎಂದು ಎಲ್ಲರೂ ಹೇಳಿದರು, ನಾನೂ ಒಪ್ಪಿಕೊಂಡೆ. ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿದರೆ ನನಗೆ ಎದೆಯಲ್ಲಿ ಕೆಂಡ ಇಟ್ಟಂತೆ. ಅದಕ್ಕೇನು, ಉಪಾಯ ಇತ್ತಲ್ಲ! ಕಬ್ಬಿಣದ ಮಾತ್ರೆ ನುಂಗುವುದು, ಹಿಂದೆಯೇ ಸಾಸಿವೆ ಡಬ್ಬಿಯ ಹಿಂದೆ ಕೈ ಹಾಕುವುದು.

ಮೂರು ತಿಂಗಳು ಒಂದು ದಿನವೂ ತಪ್ಪಿಸದೆ ನುಂಗಿದೆ. ಮತ್ತೆ ರಕ್ತ ಕೊಟ್ಟರೆ 7.4. ಏರುವ ಬದಲು ಇಳಿದಿತ್ತು.

ಮಲ ಕಪ್ಪಗಾಗಿರುವುದೂ ಗಮನಕ್ಕೆ ಬಂದಿತ್ತು. ಇಂಥದನ್ನೆಲ್ಲ ಬರೆಯಬೇಕೇ ಎಂದು ಮೂಗು ಮುರಿಯಬೇಡಿ. ಇದನ್ನು ಯಾರೊಡನೆಯೂ ಬಾಯಿ ಬಿಟ್ಟು ಹೇಳದೆ ಇದ್ದದ್ದೇ ನನಗೆ ಮುಳುವಾದದ್ದು. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಗಾಗುತ್ತದೆ ಎಂದು ಮೊದಲೇ ತಿಳಿಸಿದ್ದರಲ್ಲ, ಅದೇ ಇರಬೇಕೆಂದು ಸುಮ್ಮನಾದೆ.

ಈ ಸಲ ಬೇರೊಬ್ಬ ಡಾಕ್ಟರಮ್ಮನ ಹತ್ತಿರ ಹೋದೆವು. ಆಕೆ ಚೀಟಿ ಬರೆಯುವ ಮುಂಚೆ ಕೇಳಿದ ಮೊದಲ ಪ್ರಶ್ನೆ, "ಬೇರೆ ಏನೇನು ಔಷಧಿ ತಗೋತಿದ್ದೀರಮ್ಮಾ?" ನಾನು ಗಟ್ಟಿಯಾಗಿ, "ಏನೂ ಇಲ್ಲ ಮೇಡಂ" ಎಂದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ನಂಬಿ. ಗುಲಾಬಿ ಮಾತ್ರೆ ಔಷಧಿ ಎಂದೇ ನನ್ನ ಲೆಕ್ಕದಲ್ಲಿರಲಿಲ್ಲ. ಊಟವಾದ ಮೇಲೆ ಸೋಂಪು ಬಾಯಿಗೆ ಹಾಕಿಕೊಂಡ ಹಾಗೆ ಅದು. ಮಂಡಿನೋವಿನದೂ ಅಷ್ಟೇ, ಬೇಕಾದಾಗ ನುಂಗುವುದು. ಆಕೆ ನಕ್ಕು, "ನಾಳೆ ಬರುವಾಗ ಮನೆಯಲ್ಲಿ ನೀವು ಬಾಯಿಗೆ ಹಾಕುವ ಮಾತ್ರೆ, ಪುಡಿ, ಎಣ್ಣೆ, ಏನೇ ಇರಲಿ, ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ" ಎಂದರು.

ಮಾರನೆಯ ದಿನ ಮೇಜಿನ ಮೇಲೆ ಚೀಲ ಬೋರಲು ಹಾಕಿದಾಗ ನಮ್ಮನೆಯವರ ಮುಖ ನೋಡಬೇಕಿತ್ತು. ಗುಲಾಬಿ ಮಾತ್ರೆಯ ಪಟ್ಟಿಗಳೇ ಹನ್ನೊಂದು, ಖಾಲಿಯಾದವೂ ಸೇರಿ. ಡಾಕ್ಟರಮ್ಮ ಅವನ್ನು ಒಂದು ಕಡೆ, ಕಬ್ಬಿಣದ ಮಾತ್ರೆಯನ್ನು ಒಂದು ಕಡೆ, ಹಳದಿ ಮಾತ್ರೆಯನ್ನು ನಡುವೆ ಇಟ್ಟರು. ಹಳದಿಯದನ್ನು ಬೆರಳಲ್ಲಿ ಮುಟ್ಟಿ, "ಗಾಯ ಮಾಡಿರುವುದು ಇದಿರಬಹುದು," ಗುಲಾಬಿಯದನ್ನು ಮುಟ್ಟಿ, "ಗಾಯ ಕಾಣದ ಹಾಗೆ ಮಾಡಿರುವುದು ಇದು. ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡಿರುವುದೂ ಇದೇ" ಎಂದರು.

ಅದೇನೆಂದು ನನಗೆ ಪೂರ್ತಿ ತಿಳಿದದ್ದು ಮಗಳು ರಜಕ್ಕೆ ಬಂದಾಗ. ಆಕೆ ಫಾರ್ಮಸಿ ಓದುತ್ತಿದ್ದಾಳೆ. ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ ಹಾಕಿದಳು. ನಮ್ಮತ್ತೆಯ ಎಲೆಯಡಿಕೆ ಡಬ್ಬಿಯಿಂದ ಕಡಲೆ ಗಾತ್ರ ಸುಣ್ಣ ತೆಗೆದು ಕದಡಿದಳು. ನೀರು ಕೆಂಪಾಯಿತು. "ಹೊತ್ತಲ್ಲದ ಹೊತ್ತಲ್ಲಿ ಆರತಿ ನೀರು ಯಾಕೇ ಕಲೆಸ್ತೀಯಾ?" ಎಂದು ಅತ್ತೆ ರೇಗಿದರು. ಅದಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದಳು ನೋಡಿ, ಕೆಂಪು ಹೋಗಿ ಮತ್ತೆ ಹಳದಿ! "ಸುಣ್ಣದ ಜಾತಿಯದನ್ನು ಕ್ಷಾರ ಅಂತಾರೆ. ಹುಳಿ ಬಿದ್ದರೆ ಅದು ಸತ್ತುಹೋಗತ್ತೆ, ಅದು ಬಿದ್ದರೆ ಹುಳಿ ಸತ್ತುಹೋಗತ್ತೆ. ನಿನ್ನ ಗುಲಾಬಿ ಮಾತ್ರೆ ಕೂಡ ಸುಣ್ಣದ ನೆಂಟನೇ ಅಮ್ಮ" ಎಂದಳು.

ಅದರಲ್ಲಿರುವುದು ಸಾಮಾನ್ಯವಾಗಿ ಎರಡು ಸಾಮಾನು. ಒಂದು ಮೆಗ್ನೀಸಿಯಂ, ಇನ್ನೊಂದು ಅಲ್ಯೂಮಿನಿಯಂ. ಮೆಗ್ನೀಸಿಯಂ ಬರೀ ಅದೊಂದೇ ಆದರೆ ಭೇದಿಯಾಗುತ್ತದೆ, ಅಲ್ಯೂಮಿನಿಯಂ ಒಂದೇ ಆದರೆ ಮಲಬದ್ಧತೆ. ಅದಕ್ಕೇ ಇಬ್ಬರನ್ನೂ ಜೋಡಿ ಕಟ್ಟಿದ್ದಾರೆ. ಒಬ್ಬರ ತಪ್ಪನ್ನು ಇನ್ನೊಬ್ಬರು ಸರಿ ಮಾಡಿಕೊಂಡು ಹೋಗಲಿ ಎಂದು, ಗಂಡ ಹೆಂಡಿರ ಹಾಗೆ. ಕೆಲವು ಮಾತ್ರೆಗಳಲ್ಲಿ ಸೀಮೆಸುಣ್ಣದಲ್ಲಿರುವಂಥ ಕ್ಯಾಲ್ಸಿಯಂ ಇರುತ್ತದೆ. ನೀರಿಗೆ ಹಾಕಿದರೆ ಬುಸ್ಸೆಂದು ಉಕ್ಕುವ ಪುಡಿಗಳಲ್ಲಿ ಇರುವುದು ಸೋಡಾ. ಅಡುಗೆ ಸೋಡಾ ಹೊಟ್ಟೆಯ ಹುಳಿಯೊಡನೆ ಸೇರಿದರೆ ಉಪ್ಪು, ನೀರು ಮತ್ತು ಗಾಳಿಯಾಗುತ್ತದೆ. ಕುಡಿದು ಢರ್ರನೆ ತೇಗಿ "ಅಬ್ಬಾ, ಗ್ಯಾಸ್ ಹೋಯ್ತು" ಎನ್ನುತ್ತೇವಲ್ಲ, ಆ ಗ್ಯಾಸ್ ಬಹುಪಾಲು ಹುಟ್ಟಿದ್ದೇ ಆ ಸೋಡಾದಿಂದ! ನಾನು ಇದನ್ನು ಕೇಳಿ ನಕ್ಕೆ, ಆದರೆ ಅತ್ತೆ ನಗಲಿಲ್ಲ. ಅವರಿಗೆ ಬಿ.ಪಿ. ಇದೆ, ದಿನಾ ಸೋಡಾ ಕದಡಿ ಕುಡಿಯುವ ರೂಢಿಯೂ ಇತ್ತು. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ಇಡೀ ದಿನಕ್ಕೆ 2,000ದ ಒಳಗೆ. ಸಾರಿಗೆ ಉಪ್ಪು ಕಡಿಮೆ ಹಾಕು ಎಂದು ನನ್ನನ್ನು ಗದರಿಸುತ್ತಿದ್ದವರು ಲೋಟದಲ್ಲೇ ಅರ್ಧಕ್ಕಿಂತ ಹೆಚ್ಚು ಕುಡಿದು ಮುಗಿಸುತ್ತಿದ್ದರು.

ಮಾತ್ರೆಯ ಮೇಲೆ ನನಗೇನೂ ದೂರಿಲ್ಲ. ಹೇಳಿದ ಕೆಲಸವನ್ನು ಅದು ಪ್ರಾಮಾಣಿಕವಾಗಿ ಮಾಡುತ್ತದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ, ಊಟವಾದ ಒಂದು ಗಂಟೆಗೆ ತೆಗೆದುಕೊಂಡರೆ ಎರಡು ಮೂರು ಗಂಟೆ, ಅಷ್ಟೇ ಅದರ ಆಯುಸ್ಸು. ಅಷ್ಟು ಹೊತ್ತು ಅಲ್ಲಿರುವ ಹುಳಿಯನ್ನು ಸಾಯಿಸುತ್ತದೆ. ಹುಳಿ ಯಾಕೆ ಮೇಲೆ ಬರುತ್ತಿದೆ, ಒಳಗೆ ಹುಣ್ಣಾಗಿದೆಯೇ ಎಂದು ಅದು ನೋಡುವುದಿಲ್ಲ. ಹಬ್ಬದಲ್ಲಿ ಹೊಟ್ಟೆ ಬಿರಿಯ ಉಂಡ ರಾತ್ರಿ ಒಂದು ತಿಂದರೆ ತಪ್ಪಿಲ್ಲ. ವರ್ಷಗಟ್ಟಲೆ ದಿನಕ್ಕೆ ಆರು ತಿಂದದ್ದು ನನ್ನ ತಪ್ಪು.

ಇನ್ನು ಹುಳಿ. ನಾನು ಅದನ್ನು ಶತ್ರು ಎಂದೇ ತಿಳಿದಿದ್ದೆ. ಹೊಟ್ಟೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ರಸ ಸುರಿಸುತ್ತದೆಯಂತೆ! ಬೇಳೆಯೋ ಮೊಟ್ಟೆಯೋ ಅದರಲ್ಲಿ ನೆನೆದೇ ಅರಗಬೇಕು. ಅನ್ನ ನೀರಿನ ಜೊತೆ ಹೋದ ಕ್ರಿಮಿಗಳು ಅದರಲ್ಲೇ ಸಾಯಬೇಕು. ಕಬ್ಬಿಣಾಂಶ ಕರಗಿ ರಕ್ತಕ್ಕೆ ಹೋಗಬೇಕಾದರೂ ಅದು ಬೇಕು. ನಾನು ಮಾಡಿದ್ದೇನು? ಕಬ್ಬಿಣ ಹೊಟ್ಟೆಗಿಳಿದ ಮರುಗಳಿಗೆಗೇ ಹುಳಿಯನ್ನು ಕೊಂದೆ. ಮೂರು ತಿಂಗಳು ನುಂಗಿದ ಮಾತ್ರೆಯಲ್ಲಿ ಎಷ್ಟೋ ಭಾಗ ಮೈಗೆ ಹತ್ತದೆ ಹಾಗೇ ಹೊರಗೆ ಹೋಯಿತು. ಎರಡರ ನಡುವೆ ಕಡೇ ಪಕ್ಷ ಎರಡು ಗಂಟೆ ಬಿಡಬೇಕು. ನಿಮ್ಮಲ್ಲಿ ಥೈರಾಯ್ಡ್ ಮಾತ್ರೆ ನುಂಗುವವರಿದ್ದರೆ, ಗುಲಾಬಿ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರವಿರಲಿ.

ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂದು ಮನುಷ್ಯ ಕಣ್ಣಾರೆ ನೋಡಿದ ಕಥೆಯೂ ಮಗಳ ಪುಸ್ತಕದಲ್ಲಿತ್ತು. 1822ರಲ್ಲಿ ಅಮೆರಿಕಾದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೂಲಿಯವನಿಗೆ ಆಕಸ್ಮಿಕವಾಗಿ ಗುಂಡು ತಗುಲಿತು. ಪ್ರಾಣವೇನೋ ಉಳಿಯಿತು, ಆದರೆ ಹೊಟ್ಟೆಯ ತೂತು ಮುಚ್ಚಲೇ ಇಲ್ಲ. ಅವನನ್ನು ಉಳಿಸಿದ ಡಾಕ್ಟರ್ ವಿಲಿಯಂ ಬೋಮಾಂಟ್ ಆ ತೂತಿನೊಳಗೆ ರೇಷ್ಮೆ ದಾರಕ್ಕೆ ಮಾಂಸದ ಚೂರು, ರೊಟ್ಟಿಯ ಚೂರು ಕಟ್ಟಿ ಇಳಿಬಿಟ್ಟು, ಎಷ್ಟು ಹೊತ್ತಿಗೆ ಅರಗಿತು ಎಂದು ಎಳೆದು ನೋಡುತ್ತಿದ್ದರಂತೆ. 1833ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು. ವಿಜ್ಞಾನಕ್ಕೆ ದೊಡ್ಡ ಉಪಕಾರವಾಯಿತು, ಸರಿ. ಆ ಬಡಪಾಯಿ ಮಾತ್ರ ನನ್ನ ಕಣ್ಣ ಮುಂದಿನಿಂದ ಹೋಗಲೊಲ್ಲ.

ನನ್ನ ಹೊಟ್ಟೆ ನೋಡಲು ತೂತು ಬೇಕಾಗಲಿಲ್ಲ, ಬಾಯಿಂದ ಕೊಳವೆ ಇಳಿಸಿದರು. ಎಂಡೋಸ್ಕೋಪಿ. ಹೆಸರು ಕೇಳಿಯೇ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ನೀರೂ ಕುಡಿಯದೆ ಹೋಗಿದ್ದೆ. ಗಂಟಲಿಗೆ ಕಹಿಯಾದ ಔಷಧಿ ಸಿಂಪಡಿಸಿದರು. ನಾಲಿಗೆ ಮರದ ತುಂಡಿನಂತಾಯಿತು. ಎಡಮಗ್ಗುಲಿಗೆ ಮಲಗಿಸಿ ಕೊಳವೆ ಬಿಟ್ಟಾಗ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಹತ್ತು ನಿಮಿಷದೊಳಗೆ ಮುಗಿದೂ ಹೋಯಿತು. ಎರಡು ಹೆರಿಗೆ ಮಾಡಿಕೊಂಡವಳು ಇದಕ್ಕೆ ಹೆದರಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು. ಜಠರ ದಾಟಿ ಕರುಳು ಶುರುವಾಗುವ ಜಾಗದಲ್ಲಿ ಹುಣ್ಣಿತ್ತು. ಸಣ್ಣಗೆ ರಕ್ತ ಜಿನುಗುತ್ತಿತ್ತು. ತಿಂಗಳುಗಟ್ಟಲೆ ಹಾಗೇ ಜಿನುಗಿರಬೇಕು ಎಂದರು. ಮಲ ಕಪ್ಪಗಾಗಿದ್ದರಲ್ಲಿ ಕಬ್ಬಿಣದ ಪಾಲು ಎಷ್ಟೋ, ರಕ್ತದ ಪಾಲು ಎಷ್ಟೋ. ಡಾಂಬರಿನಂತೆ ಅಂಟಂಟಾಗಿ, ಕೆಟ್ಟ ವಾಸನೆಯಿದ್ದರೆ ಅದು ರಕ್ತವಿರಬಹುದು, ನಾಳೆ ನೋಡೋಣ ಎನ್ನದೆ ಡಾಕ್ಟರಿಗೆ ತೋರಿಸಬೇಕು ಎಂದು ಆ ದಿನ ತಿಳಿಯಿತು. "ಇನ್ನು ಒಂದೆರಡು ತಿಂಗಳು ಹೀಗೇ ಬಿಟ್ಟಿದ್ದರೆ ರಾತ್ರೋರಾತ್ರಿ ಆಂಬುಲೆನ್ಸಿನಲ್ಲಿ ಬರಬೇಕಾಗುತ್ತಿತ್ತು" ಎಂದು ಡಾಕ್ಟರಮ್ಮ ಇವರ ಕಡೆ ತಿರುಗಿ ಹೇಳಿದರು. ಬಸ್ಸಿನಲ್ಲಿ ಬರುವಾಗ ಇವರು ಒಂದು ಮಾತೂ ಆಡಲಿಲ್ಲ. ಊರು ಹತ್ತಿರ ಬಂದಾಗ, "ನನಗೊಂದು ಮಾತು ಹೇಳಬಾರದಿತ್ತೇ?" ಎಂದಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಹುಣ್ಣಿನಿಂದ ತೆಗೆದ ಚೂರಿನ ಪರೀಕ್ಷೆಯಲ್ಲಿ ಒಂದು ಕ್ರಿಮಿಯೂ ಸಿಕ್ಕಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಅದರ ಹೆಸರು. ಹುಳಿಯಲ್ಲಿ ಕ್ರಿಮಿ ಬದುಕದು, ಹುಣ್ಣಾಗುವುದು ಚಿಂತೆಯಿಂದ, ಖಾರದಿಂದ ಎಂದೇ ಡಾಕ್ಟರುಗಳೂ ನಂಬಿದ್ದ ಕಾಲ ಅದು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಎಂಬ ಇಬ್ಬರು ಇಲ್ಲವೆಂದರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಕ್ರಿಮಿ ಬೆಳೆಸಿದ ರಸವನ್ನು ತಾವೇ ಕುಡಿದು, ವಾಂತಿ, ಹೊಟ್ಟೆಯುರಿ ತಂದುಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಅವರ ಹೆಂಡತಿ ಏನಂದಳೋ ಎಂದು ನಮ್ಮತ್ತೆ ಕೇಳಿದರು. ನನಗಂತೂ ಆ ಪುಣ್ಯಾತ್ಮರಿಂದ ಹದಿನಾಲ್ಕು ದಿನದ ಔಷಧಿಯಲ್ಲಿ ಕ್ರಿಮಿ ಹೋಯಿತು. ನಡುವೆ ವಾಕರಿಕೆ, ಬಾಯಿ ಕಹಿ, ಬಿಟ್ಟುಬಿಡೋಣ ಎನಿಸಿದ್ದುಂಟು. ಅರ್ಧಕ್ಕೆ ಬಿಟ್ಟರೆ ಕ್ರಿಮಿ ಮತ್ತೆ ಬಲಿಯುತ್ತದೆ ಎಂದು ಮಗಳು ದಿನಾ ಫೋನು ಮಾಡಿ ಕಾಯ್ದಳು. ಜೊತೆಗೆ ಹುಳಿ ಸುರಿಯುವುದನ್ನೇ ತಗ್ಗಿಸುವ ಕ್ಯಾಪ್ಸೂಲು, ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ. ಇದು ಗುಲಾಬಿ ಮಾತ್ರೆಯಂತೆ ಸುರಿದ ಹುಳಿಯನ್ನು ಕೊಲ್ಲುವುದಲ್ಲ, ನಲ್ಲಿಯನ್ನೇ ತಿರುಗಿಸುವುದು. ಅದಕ್ಕೇ ಐದು ನಿಮಿಷದಲ್ಲಿ ಕೆಲಸ ಕಾಣುವುದಿಲ್ಲ. ಎಂಟು ವಾರ ಎಂದಿದ್ದರು, ಎಂಟಕ್ಕೆ ನಿಲ್ಲಿಸಿದೆ. ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆಂದು ವರ್ಷಗಟ್ಟಲೆ ನುಂಗುವವರನ್ನು ಈಗ ಕಂಡರೆ ನಾನೇ ಬುದ್ಧಿ ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ ಕೂಡ.

ಮರೆಯುವ ಮುಂಚೆ ಇನ್ನೊಂದು ಹೇಳಿಬಿಡುತ್ತೇನೆ. ಎದೆಯ ಮೇಲೆ ರುಬ್ಬುಗುಂಡು ಇಟ್ಟಂತೆ ಭಾರ, ತೋಳಿಗೋ ದವಡೆಗೋ ಹರಿಯುವ ನೋವು, ಮೈಯೆಲ್ಲ ಬೆವರು, ಉಸಿರು ಕಟ್ಟುವುದು, ಇದ್ದರೆ ಅದನ್ನು ಗ್ಯಾಸ್ಟ್ರಿಕ್ಕು ಎಂದುಕೊಂಡು ಸೋಡಾ ಕದಡುತ್ತಾ ಕೂರಬೇಡಿ. ಅದು ಹೃದಯದ್ದಿರಬಹುದು. ನಮ್ಮ ಬೀದಿಯಲ್ಲೇ ಒಬ್ಬರು ಹಾಗೆ ಕೂತು ಹೋದರು. ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಚರಟದಂಥದು ಬರುವುದು, ಇವಕ್ಕೂ ಗುಲಾಬಿ ಮಾತ್ರೆಯಲ್ಲಿ ಉತ್ತರವಿಲ್ಲ.

ಮನೆಯಲ್ಲಿ ಬದಲಾದದ್ದು ಸಣ್ಣಪುಟ್ಟದು. ಹಳದಿ ಮಾತ್ರೆ ಪೂರ್ತಿ ನಿಂತಿತು. ಮಂಡಿನೋವಿಗೆ ಡಾಕ್ಟರಮ್ಮ ಪ್ಯಾರಾಸಿಟಮಾಲ್ ಸಾಕು ಎಂದಿದ್ದಾರೆ, ಬಿಸಿನೀರಿನ ಶಾಖವಿದೆ. ಬೆಳಗಿನ ಕಾಫಿಯನ್ನು ಬಿಡಲಾಗಲಿಲ್ಲ, ಎರಡು ಬಿಸ್ಕತ್ತಾದರೂ ತಿಂದು ಕುಡಿಯುತ್ತೇನೆ. ಒಪ್ಪತ್ತು ಶನಿವಾರದ್ದೊಂದೇ ಉಳಿದಿದೆ, ದೇವರು ಕೋಪಿಸಿಕೊಂಡ ಹಾಗೆ ಕಾಣಲಿಲ್ಲ. ರಾತ್ರಿ ಊಟ ಎಂಟಕ್ಕೆ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಚೀಲದ ಬಾಯಿಯಂಥ ಒಂದು ಬಿಗಿ ಇದೆಯಂತೆ. ಉಂಡ ತಕ್ಷಣ ಮಲಗಿದರೆ ಅದು ಜಾರಿ ಹುಳಿ ಮೇಲೆ ಬರುತ್ತದೆ. ಮಲಗುವ ಮುಂಚೆ ಎರಡು ಮೂರು ಗಂಟೆ ಬೇಕು. ನನ್ನ ಮಂಚದ ತಲೆಭಾಗದ ಕಾಲುಗಳಿಗೆ ಒಂದೊಂದು ಇಟ್ಟಿಗೆ ಕೊಟ್ಟಿದ್ದೇವೆ. ದಿಂಬು ಏರಿಸಿದರೆ ಸಾಲದು, ಹೊಟ್ಟೆ ಮಡಚಿಕೊಳ್ಳುತ್ತದೆ. ಲಂಗದ ಲಾಡಿಯನ್ನು ಉಸಿರು ಬಿಗಿಹಿಡಿದು ಕಟ್ಟುವ ಅಭ್ಯಾಸವನ್ನೂ ಬಿಟ್ಟೆ. ಆ ಬಿಗಿಗೂ ಎದೆಯುರಿಗೂ ಸಂಬಂಧವಿದೆ ಎಂದು ಯಾರು ಕಂಡಿದ್ದರು!

ಮಧ್ಯಾಹ್ನದ ಊಟದ್ದೇ ದೊಡ್ಡ ರಾಮಾಯಣವಾಯಿತು. ಎಲ್ಲರಿಗಿಂತ ಮುಂಚೆ ತಟ್ಟೆ ಹಾಕಿಕೊಳ್ಳಲು ನನಗೇ ಕೈ ಬರಲಿಲ್ಲ. ಗಂಡ ಉಣ್ಣದೆ ಉಂಡವಳು ಎಂಬ ಮಾತು ಎಲ್ಲಿ ಬರುತ್ತದೋ ಎಂದು. ಮೊದಲ ವಾರ ಡಾಕ್ಟರಮ್ಮನ ಮಾತು ಚೀಟಿಯಲ್ಲೇ ಉಳಿಯಿತು. ಒಂದು ದಿನ ಒಂದು ಗಂಟೆಗೆ ಅತ್ತೆ ತಾವೇ ಎದ್ದು ಬಂದು ಎರಡು ತಟ್ಟೆ ಹಾಕಿದರು. "ನನಗೂ ಹಸಿವು ತಡೆಯಲ್ಲ ಕಣಮ್ಮಾ, ಇಷ್ಟು ವರ್ಷ ಅವನಿಗಾಗಿ ಕಾದೆ. ಅವನು ಬಂದಾಗ ಬಡಿಸಿದರಾಯ್ತು, ಕೂತ್ಕೋ" ಎಂದರು. ಅವರಿಗೂ ಹಸಿವಾಗುತ್ತಿತ್ತು ಎಂದು ಇಪ್ಪತ್ತೆರಡು ವರ್ಷದಲ್ಲಿ ನಾನು ಕೇಳಿರಲೇ ಇಲ್ಲ.

ಕಬ್ಬಿಣದ ಮಾತ್ರೆಯನ್ನು ಈಗ ಬೆಳಗ್ಗೆ ಹನ್ನೊಂದಕ್ಕೆ ನಿಂಬೆರಸದ ನೀರಿನಲ್ಲಿ ನುಂಗುತ್ತೇನೆ. ಅದರ ಹಿಂದೆಮುಂದೆ ಕಾಫಿ, ಟೀ ಇಲ್ಲ. ಕಳೆದ ತಿಂಗಳು ಹಿಮೋಗ್ಲೋಬಿನ್ 11.3 ಬಂತು. ಗುಲಾಬಿ ಮಾತ್ರೆಯೂ ಮನೆಯಲ್ಲಿದೆ, ಇಲ್ಲದೆ ಏನು. ಸಾಸಿವೆ ಡಬ್ಬಿಯ ಹಿಂದಲ್ಲ, ನಡುಮನೆಯ ಕ್ಯಾಲೆಂಡರಿನ ಕೆಳಗೆ ಎಲ್ಲರಿಗೂ ಕಾಣುವ ಹಾಗೆ. ದೀಪಾವಳಿಗೆ ತಂದ ಪಟ್ಟಿ. ಯುಗಾದಿ ಕಳೆಯಿತು, ಇನ್ನೂ ಏಳು ಉಳಿದಿವೆ.